ಠಾಣೆಯ ಸಿಸಿಟಿವಿ ಬೇರೆ, ವಿಚಾರಣೆಯ ರೆಕಾರ್ಡಿಂಗ್ ಬೇರೆ

ಮಾನ್ಯ ಸಂಪಾದಕರೇ,

ಆರೋಪಿಯನ್ನು ಹೊಡೆದು ಹೇಳಿಕೆ ಬರೆಸಿಕೊಂಡರು ಎಂಬ ದೂರು ಬಂದಾಗಲೆಲ್ಲ ‘ಠಾಣೆ ತುಂಬ ಸಿಸಿಟಿವಿ ಇದೆಯಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಿಸಿಟಿವಿ ಠಾಣೆಯನ್ನು ಕಾಯುತ್ತದೆ. ಆರೋಪಿಗೆ ಯಾವ ಪ್ರಶ್ನೆ ಕೇಳಿದರು, ಅವನು ಏನು ಹೇಳಿದ ಎಂಬುದಕ್ಕೆ ಅದು ದಾಖಲೆಯಲ್ಲ. (ಕನ್ನಡದಲ್ಲಿ ಕೋರ್ಟಿನದೂ ವಿಚಾರಣೆ, ಠಾಣೆಯದೂ ವಿಚಾರಣೆ. ಈ ಪತ್ರ ಎರಡನೆಯದರ ಬಗ್ಗೆ.)

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಕಾನೂನು) 105ನೇ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು ಆಡಿಯೊ–ವಿಡಿಯೊದಲ್ಲಿ ದಾಖಲಿಸಲೇಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಲೇಬೇಕು. ಪೊಲೀಸರ ಮುಂದಿನ ಹೇಳಿಕೆಗೆ ಸಂಬಂಧಿಸಿದ 180ನೇ ಕಲಂ ಮಾತ್ರ ಆಡಿಯೊ–ವಿಡಿಯೊದಲ್ಲಿ ‘ದಾಖಲಿಸಬಹುದು’ ಎಂದು ಸುಮ್ಮನಾಗುತ್ತದೆ. ಅಂದರೆ ಬೀರು ತೆರೆಯುವಾಗ ವಿಡಿಯೊ ಕಡ್ಡಾಯ. ಬೀರುವಿನ ಕೀಲಿ ಎಲ್ಲಿದೆ ಎಂದು ಬಾಯಿ ಬಿಡಿಸುವಾಗ ತನಿಖಾಧಿಕಾರಿಯ ಇಷ್ಟ. ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆಯನ್ನು 183ನೇ ಕಲಂ ಅಡಿ ಹೀಗೆ ದಾಖಲಿಸುವುದಾದರೆ ಆರೋಪಿಯ ವಕೀಲರು ಹಾಜರಿರಬೇಕು. ಠಾಣೆಯಲ್ಲಾದರೆ 38ನೇ ಕಲಂ ಕೊಡುವುದು ವಕೀಲರನ್ನು ಕಾಣುವ ಹಕ್ಕನ್ನು ಮಾತ್ರ, ಅದೂ ವಿಚಾರಣೆಯ ಉದ್ದಕ್ಕೂ ಅಲ್ಲ.

‘ಪೊಲೀಸರೆದುರಿನ ತಪ್ಪೊಪ್ಪಿಗೆ ಹೇಗೂ ಸಾಕ್ಷ್ಯವಲ್ಲ, ರೆಕಾರ್ಡ್ ಮಾಡಿ ಏನು ಪ್ರಯೋಜನ’ ಎಂದು ಕೇಳುವವರಿದ್ದಾರೆ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹಾಗೆ ಹೇಳುವುದು ನಿಜ. ಆದರೆ ಅದರಲ್ಲೇ ಒಂದು ಕಿಂಡಿ ಇದೆ, ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 27ನೇ ಕಲಂ ಆಗಿದ್ದದ್ದು. ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತುಗಳಷ್ಟನ್ನು ಸಾಬೀತುಪಡಿಸಬಹುದು. ನಮ್ಮ ದೋಷಾರೋಪ ಪಟ್ಟಿಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ. ‘ನನ್ನನ್ನು ಕರೆದುಕೊಂಡು ಹೋದಲ್ಲಿ ಚಾಕು ಬಚ್ಚಿಟ್ಟ ಜಾಗವನ್ನು ತೋರಿಸುತ್ತೇನೆ’ ಎಂಬ ಸಾಲು ಓದು ಬರದವನ ಬಾಯಲ್ಲೂ, ಕಾಲೇಜು ಕಲಿತವನ ಬಾಯಲ್ಲೂ ಒಂದೇ ಧಾಟಿಯಲ್ಲಿರುತ್ತದೆ. ಅದು ಠಾಣೆಯಲ್ಲಿ ಹೇಳಿಕೆ ಬರೆಯುವ ರೈಟರ್‌ನ ಕನ್ನಡ, ಆರೋಪಿಯದಲ್ಲ. ಆರೋಪಿ ಆಡಿದ ಮಾತನ್ನೇ ಪಂಚರ (ಸ್ವತಂತ್ರ ಸಾಕ್ಷಿಗಳ) ಸಮ್ಮುಖದಲ್ಲಿ, ಠಾಣೆಯಲ್ಲಿಯೇ ಪಂಚನಾಮೆಯ ಮೊದಲ ಭಾಗವಾಗಿ ಬರೆದುಕೊಳ್ಳಬೇಕು ಎಂದು 2022ರ ಅಕ್ಟೋಬರ್‌ನಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಮಾತು ಮೊದಲು ಯಾರ ಬಾಯಿಂದ ಬಂತು ಎಂಬ ಜಗಳ ತೀರಬೇಕಾದರೆ ಧ್ವನಿ ಬೇಕು.

ಇನ್ನು ಸಿಸಿಟಿವಿ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ ಸ್ಪಷ್ಟವಾಗಿದೆ: ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಮತ್ತು ಸಬ್‌ ಇನ್‌ಸ್ಪೆಕ್ಟರ್ ಕೊಠಡಿ ಸೇರಿ ಎಲ್ಲೆಡೆ ಕ್ಯಾಮೆರಾ, ರಾತ್ರಿಯಲ್ಲೂ ಕಾಣಬೇಕು, ಚಿತ್ರದ ಜೊತೆ ಧ್ವನಿಯೂ ಇರಬೇಕು, 18 ತಿಂಗಳು ಉಳಿಯಬೇಕು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ 1 ವರ್ಷಕ್ಕೆ ಕಡಿಮೆಯಾಗಬಾರದು. ಸಿಬಿಐ, ಎನ್‌ಐಎ, ಇ.ಡಿ. ಕಚೇರಿಗಳಿಗೂ ಇದೇ ನಿಯಮ.

ಈಗ ಲೆಕ್ಕ ಹಾಕಿ. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ದಾಖಲಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ತುಂಬಿಸುತ್ತದೆ. 12 ಕ್ಯಾಮೆರಾಗಳಿಗೆ ದಿನಕ್ಕೆ 260 ಜಿಬಿ, 18 ತಿಂಗಳಿಗೆ 142 ಟಿಬಿ. ಡಿವಿಆರ್ (ದೃಶ್ಯ ಸಂಗ್ರಹಿಸುವ ಯಂತ್ರ) ಒಳಗೆ 4 ಟಿಬಿಯ ಒಂದೇ ಡಿಸ್ಕ್ ಇದ್ದರೆ ಹದಿನೈದನೇ ದಿನಕ್ಕೆ ಭರ್ತಿ. ಆಮೇಲೆ ಹಳೆಯದರ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುತ್ತದೆ. ಯಾರೂ ಅಳಿಸಬೇಕಿಲ್ಲ. ದೋಷಾರೋಪ ಪಟ್ಟಿ 60 ಅಥವಾ 90ನೇ ದಿನದ ಹೊತ್ತಿಗೆ ಬಂದು, ಅದರ ಪ್ರತಿ ವಕೀಲರ ಕೈ ಸೇರುವಾಗ ಬಂಧನದ ರಾತ್ರಿಯ ದೃಶ್ಯ ಎಂದೋ ಹೋಗಿರುತ್ತದೆ. ಇದರ ಮೇಲೆ ಮೈಕ್ ಇಲ್ಲದ ಕ್ಯಾಮೆರಾ, ಹತ್ತು ನಿಮಿಷ ಹಿಂದೆ ಓಡುವ ಡಿವಿಆರ್ ಗಡಿಯಾರ, ಕರೆಂಟ್ ಹೋದಾಗ ಬ್ಯಾಕಪ್ ಇಲ್ಲದೆ ನಿಂತುಹೋಗುವ ಯಂತ್ರ.

ವಿಚಾರಣೆಯನ್ನೇ ಪ್ರತ್ಯೇಕವಾಗಿ ದಾಖಲಿಸಿದರೆ ಇದೇ ಗುಣಮಟ್ಟದ ಎರಡು ಕ್ಯಾಮೆರಾಗಳಿಗೆ ಗಂಟೆಗೆ 1.8 ಜಿಬಿ ಸಾಕು. ಹತ್ತು ಗಂಟೆಯ ವಿಚಾರಣೆ ಒಂದು ಸಾಮಾನ್ಯ 32 ಜಿಬಿ ಪೆನ್‌ಡ್ರೈವಿಗೆ ಹಿಡಿಸುತ್ತದೆ. ಖರ್ಚಿನ ನೆಪ ಇಲ್ಲಿ ನಿಲ್ಲುವುದಿಲ್ಲ.

ಆದರೆ ಹೇಗೆ ದಾಖಲಿಸುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಟ್ಟ ರೆಕಾರ್ಡಿಂಗ್‌ಗಿಂತ ರೆಕಾರ್ಡಿಂಗ್ ಇಲ್ಲದಿರುವುದೇ ವಾಸಿ ಎನ್ನಿಸುವ ಸಂದರ್ಭಗಳಿವೆ. ಆರು ಗಂಟೆ ಕೂರಿಸಿ, ಕೊನೆಯ ನಾಲ್ಕು ನಿಮಿಷ ಮೊಬೈಲ್ ಹಿಡಿದು ತೆಗೆದ ವಿಡಿಯೊದಲ್ಲಿ ಎಂಥವನೂ ಸ್ವಇಚ್ಛೆಯಿಂದಲೇ ಮಾತಾಡುವಂತೆ ಕಾಣುತ್ತಾನೆ. ಆದ್ದರಿಂದ ಆರೋಪಿ ಕೊಠಡಿಯೊಳಗೆ ಕಾಲಿಡುವುದರಿಂದ ಹೊರಹೋಗುವವರೆಗೆ ತಡೆಯಿಲ್ಲದೆ ಓಡಬೇಕು. ಊಟಕ್ಕೋ ಶೌಚಕ್ಕೋ ಎದ್ದರೆ ಕಾರಣ ಮತ್ತು ಸಮಯವನ್ನು ಬಾಯಿಬಿಟ್ಟು ಹೇಳಿ ನಿಲ್ಲಿಸಬೇಕು; ಮತ್ತೆ ಶುರುವಾದಾಗ ‘ನಡುವೆ ಏನಾದರೂ ಮಾತಾಯಿತೇ’ ಎಂದು ಆರೋಪಿಯನ್ನೇ ಕೇಳಬೇಕು. ಆರಂಭದಲ್ಲಿ ದಿನಾಂಕ, ಸಮಯ, ಕೊಠಡಿಯಲ್ಲಿರುವ ಎಲ್ಲರ ಹೆಸರು, ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕಿಲ್ಲ ಎಂಬ ಸಂವಿಧಾನದ 20(3)ನೇ ವಿಧಿಯ ವಿವರಣೆ, ಎಲ್ಲವೂ ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ. ಕ್ಯಾಮೆರಾ ಆರೋಪಿಯ ಮುಖವನ್ನಷ್ಟೇ ತುಂಬಿಕೊಂಡರೆ ನೋಡುವವರಿಗೆ ತಪ್ಪೊಪ್ಪಿಗೆ ಹೆಚ್ಚು ಸ್ವಯಂಪ್ರೇರಿತ ಅನ್ನಿಸುತ್ತದೆ ಎಂದು ಮನಶ್ಶಾಸ್ತ್ರದ ಪ್ರಯೋಗಗಳು ತೋರಿಸಿವೆ. ಪ್ರಶ್ನೆ ಕೇಳುವವರೂ ಚೌಕಟ್ಟಿನಲ್ಲಿರಬೇಕು. ಮೈಕ್ ಫ್ಯಾನಿನ ಕೆಳಗಲ್ಲ, ಮೇಜಿನ ಮೇಲಿರಲಿ.

ಮುಗಿದ ತಕ್ಷಣ, ಆರೋಪಿಯ ಎದುರಲ್ಲೇ, ಫೈಲಿನ ಹ್ಯಾಶ್ ಮೌಲ್ಯ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ಫೈಲು ಸ್ವಲ್ಪ ಬದಲಾದರೂ ಬದಲಾಗುವ ಗುರುತು ಸಂಖ್ಯೆ) ತೆಗೆದು ಬರೆದುಕೊಳ್ಳಬೇಕು. ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದ ನಮೂನೆಯಲ್ಲಿ ಅದಕ್ಕೆ ಜಾಗವಿದೆ; ಆ ನಮೂನೆಯ ಎರಡನೇ ಭಾಗಕ್ಕೆ ತಜ್ಞರ ಸಹಿಯೂ ಬೇಕು. ಇಲ್ಲಿ ಅತಿಹೆಚ್ಚು ಆಗುವ ಎಡವಟ್ಟು ವಾಟ್ಸ್‌ಆ್ಯಪ್. ಮೇಲಧಿಕಾರಿಗೆ ತೋರಿಸಲೆಂದು ಕಳುಹಿಸಿದ ವಿಡಿಯೊ ಕುಗ್ಗಿ ಬೇರೆಯೇ ಫೈಲ್ ಆಗುತ್ತದೆ, ಹ್ಯಾಶ್ ಹೊಂದುವುದಿಲ್ಲ. ಮೂಲ ಫೋನ್ ಅಷ್ಟರಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಇಂಗ್ಲೆಂಡಿನಲ್ಲಿ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯಡಿ ಕ್ಯಾಸೆಟ್ ಕಾಲದಲ್ಲೇ ಮಾಸ್ಟರ್ ಟೇಪನ್ನು ಆರೋಪಿಯ ಮುಂದೆ ಸೀಲ್ ಮಾಡಿ ಎತ್ತಿಡುವ, ಕೆಲಸಕ್ಕೆ ಇನ್ನೊಂದು ಪ್ರತಿ ಬಳಸುವ ಪದ್ಧತಿ ಬಂತು. ಮೂಲ ಮತ್ತು ಪ್ರತಿ ಬೇರೆ ಎನ್ನುವ ಆ ಸರಳ ಶಿಸ್ತು ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಒಂದು ಅಪಾಯವನ್ನೂ ಹೇಳಬೇಕು. ಎಸ್‌ಪಿ ದರ್ಜೆಯ ಅಧಿಕಾರಿ ಆಡಿಯೊ ಅಥವಾ ವಿಡಿಯೊದೊಂದಿಗೆ ದಾಖಲಿಸಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಬೇಕೆಂದು ಕ್ರಿಮಿನಲ್ ನ್ಯಾಯ ವ್ಯವಸ್ಥೆಯ ಸುಧಾರಣೆಗೆಂದು ನೇಮಿಸಿದ್ದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಸಮಿತಿ 2003ರಲ್ಲಿ ಶಿಫಾರಸು ಮಾಡಿತ್ತು. ರೆಕಾರ್ಡಿಂಗ್ ಕೇಳುತ್ತಿರುವುದು ಆ ಬಾಗಿಲು ತೆರೆಯಲು ಅಲ್ಲ. 23ನೇ ಕಲಂನ ನಿರ್ಬಂಧ ಇದ್ದಂತೆಯೇ ಇರಲಿ. 180ನೇ ಕಲಂನಲ್ಲಿ, ಆರೋಪಿಗಳ ಮಟ್ಟಿಗೆ, ‘ಬಹುದು’ ಹೋಗಿ ‘ತಕ್ಕದ್ದು’ ಬರಲಿ. ಜೊತೆಗೆ ರೆಕಾರ್ಡಿಂಗ್ ಇಲ್ಲದ ಸ್ವಇಚ್ಛಾ ಹೇಳಿಕೆಯಿಂದ ಆಯಿತೆನ್ನುವ ಪತ್ತೆಯನ್ನು ಕೋರ್ಟು ಅನುಮಾನದಿಂದ ನೋಡತಕ್ಕದ್ದು ಎಂಬ ಒಂದು ಸಾಲೂ ಇರಲಿ. ಶಿಕ್ಷೆಯಿಲ್ಲದ ಕಡ್ಡಾಯ, ನೋಟಿಸ್ ಬೋರ್ಡಿನಲ್ಲೇ ಉಳಿಯುತ್ತದೆ.

ಕಾನೂನು ತಿದ್ದುಪಡಿಯಾಗುವವರೆಗೆ ವಕೀಲ ಮಿತ್ರರು ಮಾಡಬಹುದಾದ ಕೆಲಸವೊಂದಿದೆ. ದೋಷಾರೋಪ ಪಟ್ಟಿಗೆ ಕಾಯದೆ, ಮೊದಲ ರಿಮಾಂಡ್ ದಿನವೇ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ (ದಾಖಲೆ ಹಾಜರುಪಡಿಸಲು ಆದೇಶಿಸುವ ಅಧಿಕಾರ) ಅಡಿ ಅರ್ಜಿ ಹಾಕಿ. ‘ಸಿಸಿಟಿವಿ ದೃಶ್ಯ ಒದಗಿಸಿ’ ಎಂದಷ್ಟೇ ಬರೆದರೆ ಗೇಟಿನ ಕ್ಯಾಮೆರಾದ ಅರ್ಧ ಗಂಟೆ ಬರುತ್ತದೆ. ಯಾವ ಕೊಠಡಿ, ಯಾವ ತಾರೀಖು, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಧ್ವನಿ ಸಹಿತ, ಡಿಸ್ಕ್ ತೆಗೆದಿಟ್ಟು ಡಿವಿಆರ್ ಸಮಯದ ವ್ಯತ್ಯಾಸವನ್ನೂ ನಮೂದಿಸಿ ಎಂದು ಬರೆಯಿರಿ. ಮೇಲಿನ ಲೆಕ್ಕದ ಪ್ರಕಾರ ನಿಮಗಿರುವುದು ಹದಿನೈದು ದಿನ.

– ಒಬ್ಬ ಕ್ರಿಮಿನಲ್ ವಕೀಲ