ಇಣಚಿಗೆ ವಿಷ ಬೇಡ, ಜಾಲರಿ ಸಾಕು

ಸಂಪಾದಕರಿಗೆ,

ಮಾನ್ಯರೇ, ಕಳೆದ ಸೋಮವಾರ ಬೆಳಿಗ್ಗೆ ನನ್ನ ನಾಲ್ಕು ವರ್ಷದ ಮೊಮ್ಮಗಳು ಹಿತ್ತಲಿನಿಂದ ಓಡಿಬಂದು ಮುಷ್ಟಿ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಆರು ಶೇಂಗಾ ಕಾಳು. ಕಾಳಿನ ಮೈಗೆಲ್ಲ ಬೂದುಗಪ್ಪು ಪುಡಿ ಮೆತ್ತಿತ್ತು. ಮೂಗಿನ ಹತ್ತಿರ ತಂದರೆ ಬೆಳ್ಳುಳ್ಳಿಯ ಘಾಟು. ಇಲಿ ಪಾಷಾಣ! ನನ್ನ ಎದೆ ಧಸಕ್ಕೆಂದಿತು. ಕೈ ತೊಳೆಸಿ, ಬಾಯಿ ಮುಕ್ಕಳಿಸಿ, ತಡಮಾಡದೆ ವೈದ್ಯರ ಬಳಿ ಕರೆದೊಯ್ದೆವು. ದೇವರ ದಯೆ, ಅವಳು ತಿಂದಿರಲಿಲ್ಲ. ಮರಳಿ ಬಂದಾಗ ಕಾಂಪೌಂಡಿನ ಆಚೆ ಬೇವಿನ ಬುಡದಲ್ಲಿ ಎರಡು ಅಳಿಲುಗಳು, ನಮ್ಮ ಕಡೆ ಇಣಚಿ ಎನ್ನುತ್ತೇವೆ, ಸತ್ತು ಬಿದ್ದಿದ್ದವು. ಒಂದರ ಮುಂಗಾಲುಗಳು ಎದೆಗೆ ಮಡಚಿಕೊಂಡೇ ಇದ್ದವು, ಕಾಳು ಹಿಡಿದು ತಿನ್ನುವಾಗ ಇರುತ್ತವಲ್ಲ, ಹಾಗೆ.

ವಿಷ ಇಟ್ಟವರು ಯಾರೆಂದು ನಾನು ಹುಡುಕಲು ಹೋಗಿಲ್ಲ. ಅವರ ಸಿಟ್ಟು ನನಗೆ ಗೊತ್ತಿಲ್ಲದ್ದಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದ ಮೇಲೆ, ಮನೆಯ ಹಿಂದಿನ ಸಣ್ಣ ಜಾಗದಲ್ಲಿ ನಾನೂ ಟೊಮೆಟೊ, ಬದನೆ, ಸವತೆ ಬೆಳೆಯುತ್ತೇನೆ. ಒಂದು ಹಣ್ಣನ್ನು ಪೂರ್ತಿ ತಿಂದು ಹೋದರೆ ಹೊಟ್ಟೆಪಾಡು ಎಂದು ಸುಮ್ಮನಿರಬಹುದು. ಇಣಚಿ ಹಾಗೆ ಮಾಡುವುದಿಲ್ಲ. ಕೆಂಪೇರಿದ ಹತ್ತು ಹಣ್ಣಿಗೆ ಒಂದೊಂದು ಕಚ್ಚು ಹಾಕಿ ಹತ್ತನ್ನೂ ಕೆಡಿಸುತ್ತದೆ. ನೆಟ್ಟ ಬೀಜವನ್ನು ಕೆದಕಿ ತೆಗೆಯುತ್ತದೆ. ಅದರ ಮುಂದಿನ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದಕ್ಕೆ ವಿಧಿಯಿಲ್ಲ. ನನ್ನ ನೀರಿನ ಪೈಪನ್ನೂ ಬಿಟ್ಟಿಲ್ಲ.

ಮೊದಲು ಖಾರದಪುಡಿ ಕಲಸಿದ ನೀರು ಸಿಂಪಡಿಸಿದೆ. ಇಣಚಿಗೆ ಖಾರ ತಟ್ಟುತ್ತದೆ, ಹಕ್ಕಿಗಳಿಗೆ ತಟ್ಟುವುದಿಲ್ಲ. ಆದರೆ ಒಂದು ಸಲ ಗಿಡಕ್ಕೆ ನೀರು ಹೊಯ್ದರೆ ಎಲ್ಲ ತೊಳೆದುಹೋಗುತ್ತದೆ. ಆಮೇಲೆ ನೈಲಾನ್ ಬಲೆ ಹೊದಿಸಿದೆ. ಅದು ದೊಡ್ಡ ತಪ್ಪು. ಎರಡನೆಯ ದಿನವೇ ಒಂದು ಮರಿಯ ಹಿಂಗಾಲು ಎಳೆಗೆ ಸುತ್ತಿಕೊಂಡು ಅದು ಚೀರುತ್ತಿತ್ತು. ನಾನು ಹೊಲಿಗೆ ಕೆಲಸದವಳು. ನನ್ನ ಚಿಕ್ಕ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ಬಿಡಿಸುವಾಗ ಅದರ ಎದೆಬಡಿತ ನನ್ನ ಬೆರಳಿಗೆ ತಾಗುತ್ತಿತ್ತು. ಅಂದಿನಿಂದ ಅವುಗಳ ಮೇಲಿನ ನನ್ನ ಸಿಟ್ಟು ಅರ್ಧಕ್ಕೆ ಇಳಿಯಿತು.

ಕೊನೆಗೆ ಕೈ ಹಿಡಿದದ್ದು ಅರ್ಧ ಇಂಚು ಕಣ್ಣಿನ ತಂತಿ ಜಾಲರಿ. ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಾಗಿಸಿ ಮಡಿಯ ಮೇಲೆ ನಿಲ್ಲಿಸಿ, ಜಾಲರಿ ಹೊದಿಸಿ, ಅಂಚನ್ನು ಅರ್ಧ ಅಡಿ ಮಣ್ಣಿನೊಳಗೆ ಹೂಳಿದ್ದೇನೆ. ಇಣಚಿ ನುಸುಳುವುದಿಲ್ಲ, ಜೇನುನೊಣ ಸಲೀಸಾಗಿ ಒಳಗೆ ಹೋಗುತ್ತದೆ, ಹಾಗಾಗಿ ಸವತೆ ಬಳ್ಳಿ ಕಾಯಿ ಬಿಡುವುದಕ್ಕೆ ತೊಂದರೆಯಾಗಿಲ್ಲ. ದಾಳಿಂಬೆ ಗಿಡಕ್ಕೆ ಜಾಲರಿ ಕಟ್ಟಲಾಗದು. ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡ ಖಣದ ತುಂಡುಗಳಿಂದ ಚೀಲ ಹೊಲಿದು ಕಾಯಿಗಳಿಗೆ ತೊಡಿಸಿದ್ದೇನೆ. ಟೊಮೆಟೊ ತುಸು ಬಣ್ಣ ತಿರುಗಿದ ಕೂಡಲೇ ಕಿತ್ತು ಒಳಗೆ ಹಣ್ಣಾಗಲು ಇಡುತ್ತೇನೆ. ನಮ್ಮ ಬೇಸಿಗೆ ಎಂಥದ್ದೆಂದು ಓದುಗರಿಗೆ ಹೇಳಬೇಕಿಲ್ಲ. ಬೇವಿನ ನೆರಳಿನಲ್ಲಿ ಒಂದು ಮಣ್ಣಿನ ಪರಿಯಾಣದಲ್ಲಿ ನೀರಿಟ್ಟ ಮೇಲೆ ಹಣ್ಣು ಕಚ್ಚುವುದು ನನ್ನ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ.

ಶೇಂಗಾಕ್ಕೆ ಮೆತ್ತಿದ ಆ ಪಾಷಾಣದ ಪುಡಿ ಹೊಟ್ಟೆಯ ಆಮ್ಲದೊಂದಿಗೆ ಸೇರಿ ವಿಷಾನಿಲವಾಗುತ್ತದೆ. ಅದಕ್ಕೆಂದೇ ಇರುವ ಪ್ರತಿವಿಷವಿಲ್ಲ. ಬಯಲಲ್ಲಿಟ್ಟ ಶೇಂಗಾ ಇಣಚಿಗೆಂದೇ ಕಾದಿರುವುದಿಲ್ಲ. ಗುಬ್ಬಿ, ಕಾಗೆ, ಮಗು ಯಾರಿಗಾದರೂ ಸಿಕ್ಕೀತು. ಈ ಪಾಷಾಣ ಮಾರುವ ಅಂಗಡಿಯವರು ಯಾವುದಕ್ಕೆ ಬೇಕೆಂದು ಒಂದು ಮಾತು ಕೇಳಿ ಕೊಡಲಿ. ನಮ್ಮ ಊರಿನಲ್ಲೇ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಕೈತೋಟ ಮಾಡುವ ಹೆಣ್ಣುಮಕ್ಕಳಿಗೆ ವಿಷವಿಲ್ಲದ ಇಂಥ ಉಪಾಯಗಳನ್ನು ಬಡಾವಣೆಗಳಿಗೇ ಬಂದು ತೋರಿಸಿಕೊಡಬೇಕೆಂದು ಅಲ್ಲಿಯ ಹಿರಿಯರನ್ನು ಕೈಮುಗಿದು ಕೇಳುತ್ತೇನೆ.

ನನ್ನ ಬಳಿ ಎರಡು ಮೀಟರ್ ಜಾಲರಿ ಉಳಿದಿದೆ. ಶೇಂಗಾ ಇಟ್ಟವರು ಈ ಪತ್ರ ಓದಿದರೆ ಸಂಕೋಚವಿಲ್ಲದೆ ಬಂದು ಒಯ್ಯಲಿ. ಕಟ್ಟಿಕೊಡಲು ನಾನೇ ಬರುತ್ತೇನೆ.

— ಹೊಲಿಗೆ ಕೆಲಸದ ಓದುಗಾರ್ತಿ, ನವನಗರ, ಬಾಗಲಕೋಟೆ