ರಟ್ಟಿನ ಪೆಟ್ಟಿಗೆಯೊಳಗಿನ ನಗು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೆಟಲ್ ಗಿಯರ್ ಸಾಲಿಡ್ 3 ಎಂಬ ವಿಡಿಯೊ ಆಟವನ್ನು ಮೂರು ಗಂಟೆ ಆಡಿ ಕೈಬಿಟ್ಟೆನೆಂದು ನೀನು ಬರೆದದ್ದನ್ನು ಓದಿ ನನಗೆ ಕೋಪ ಬರಲಿಲ್ಲ. ಆದರೆ ನೀನು ನಿಲ್ಲಿಸಿದ ಜಾಗ ಯಾವುದೆಂದು ತಿಳಿದಾಗ, ಊಟಕ್ಕೆ ಎಲೆ ಹಾಕಿದ ಮೇಲೆ ಎದ್ದುಹೋದವನನ್ನು ನೋಡಿದಂತಾಯಿತು. ಪಹರೆಯವನು ಅತ್ತ ಹೋಗಿ ಇತ್ತ ಬರುವುದನ್ನೇ ನೋಡುತ್ತಾ ಹುಲ್ಲಿನಲ್ಲಿ ಬೋರಲು ಮಲಗಿರುವುದು ಆಟವೋ ಶಿಕ್ಷೆಯೋ ಎಂದು ನೀನು ಕೇಳಿದ್ದೀಯೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನ್ನ ಉತ್ತರ ಇಷ್ಟೇ: ಓಡುತ್ತಾ ಗುಂಡು ಹಾರಿಸುವವನಿಗೆ ಸುತ್ತಲಿನದನ್ನು ನೋಡಲು ಪುರುಸೊತ್ತಿರುವುದಿಲ್ಲ, ಅಡಗಿ ಕುಳಿತವನಿಗೆ ಅದು ಧಾರಾಳವಾಗಿರುತ್ತದೆ, ಮತ್ತು ಈ ಆಟಗಳನ್ನು ಕಟ್ಟಿದವರು ಆ ಪುರುಸೊತ್ತನ್ನು ತುಂಬಲೆಂದೇ ಮೂಲೆಮೂಲೆಯಲ್ಲಿ ತಮಾಷೆಗಳನ್ನು ಹುದುಗಿಸಿಟ್ಟಿದ್ದಾರೆ.

ಮೆಟಲ್ ಗಿಯರ್ ಅಡಗುವ ಆಟವಾದದ್ದೇ ಒಂದು ಕೊರತೆಯಿಂದ. 1987ರಲ್ಲಿ ಹಿಡಿಯೊ ಕೊಜಿಮಾ ಕೊನಾಮಿ ಸಂಸ್ಥೆಗಾಗಿ ಎಂಎಸ್ಎಕ್ಸ್2 ಕಂಪ್ಯೂಟರಿನ ಮೇಲೆ ಮೊದಲ ಮೆಟಲ್ ಗಿಯರ್ ಮಾಡುವಾಗ, ಆ ಯಂತ್ರಕ್ಕೆ ಪರದೆಯ ಮೇಲೆ ಹೆಚ್ಚು ಸೈನಿಕರನ್ನೂ ಗುಂಡುಗಳನ್ನೂ ಒಟ್ಟಿಗೆ ತೋರಿಸುವ ಶಕ್ತಿ ಇರಲಿಲ್ಲ. ಕಾಳಗ ಸಾಧ್ಯವಿಲ್ಲದಿದ್ದರೆ ಕಣ್ತಪ್ಪಿಸುವುದೇ ಆಟವಾಗಲಿ ಎಂದು ಅವರು ನಿರ್ಧರಿಸಿದರು. ನಾಯಕ ಸ್ನೇಕ್ ರಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲೆ ಕವುಚಿಕೊಂಡು ಶತ್ರುಗಳ ನೆಲೆಯ ನಡುವೆ ಸದ್ದಿಲ್ಲದೆ ಕೂರುವ ತಮಾಷೆ ಆ ಮೊದಲ ಆಟದಲ್ಲೇ ಇದೆ. ಲೋಕವನ್ನು ಅಣ್ವಸ್ತ್ರದಿಂದ ಕಾಪಾಡಬೇಕಾದ ವೀರ ರಟ್ಟಿನ ಪೆಟ್ಟಿಗೆಯೊಳಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ ಎಂಬುದೇ ನಗು ತರಿಸುವ ಸಂಗತಿ. ಆದರೆ ನಾನು ಹೇಳಹೊರಟಿರುವುದು ಆ ಮೇಲುನೋಟದ ನಗುವನ್ನಲ್ಲ.

1998ರಲ್ಲಿ ಟಿವಿಗೆ ಜೋಡಿಸಿ ಆಡುವ ಯಂತ್ರವಾದ ಪ್ಲೇಸ್ಟೇಷನ್‌ಗೆ ಬಂದ ಮೆಟಲ್ ಗಿಯರ್ ಸಾಲಿಡ್‌ನಲ್ಲಿ ತೋಳಗಳು ತುಂಬಿದ ಒಂದು ಗುಹೆ ಇದೆ. ಅಲ್ಲಿ ಪೆಟ್ಟಿಗೆಯೊಳಗೆ ಅಡಗಿ ಸುಮ್ಮನೆ ಕಾದರೆ ಒಂದು ತೋಳದ ಮರಿ ಹತ್ತಿರ ಬಂದು, ಕಾಲೆತ್ತಿ, ಪೆಟ್ಟಿಗೆಯ ಮೇಲೆ ಉಚ್ಚೆ ಹೊಯ್ದು ಹೋಗುತ್ತದೆ. ನೋಡಿದವರು ನಕ್ಕು ಮುಂದೆ ಹೋಗುತ್ತಾರೆ. ಆದರೆ ಆಟ ಅಲ್ಲಿಗೆ ನಿಲ್ಲುವುದಿಲ್ಲ. ಉಚ್ಚೆ ಬಿದ್ದ ಪೆಟ್ಟಿಗೆಯನ್ನು ಮತ್ತೆ ಹೊದ್ದುಕೊಂಡು ನಡೆದರೆ ತೋಳಗಳು ಮೈಮೇಲೆ ಬೀಳುವುದಿಲ್ಲ, ಏಕೆಂದರೆ ಈಗ ನಿನ್ನ ಮೈಯಿಂದ ಅವುಗಳ ಬಳಗದ ವಾಸನೆ ಬರುತ್ತಿದೆ. ತಮಾಷೆಯಾಗಿ ಶುರುವಾದದ್ದು ಗುಹೆ ದಾಟುವ ದಾರಿಯಾಗಿ ಮುಗಿಯುತ್ತದೆ. ಅದೇ ಆಟದ ಆರಂಭದಲ್ಲಿ, ಹಿಮದ ಮೇಲೆ ಮೂಡಿದ ನಿನ್ನ ಹೆಜ್ಜೆಗುರುತುಗಳನ್ನು ಕಂಡ ಪಹರೆಯವನು, ಇದು ಯಾರ ಹೆಜ್ಜೆ ಎಂದು ಗೊಣಗುತ್ತಾ ಅದರ ಜಾಡು ಹಿಡಿದು ಬರುತ್ತಾನೆ. ಹೆಜ್ಜೆಗುರುತು ಅಂದಕ್ಕಾಗಿ ಬಿಡಿಸಿದ ಚಿತ್ರವಲ್ಲ, ಆ ಲೋಕದ ನಿಯಮ. ನಿಯಮವನ್ನು ಅದರ ಕೊನೆಯ ತುದಿಯವರೆಗೂ ಪ್ರಾಮಾಣಿಕವಾಗಿ ಎಳೆದುಕೊಂಡು ಹೋದಾಗ ತಾನಾಗಿ ಹುಟ್ಟುವ ನಗುವೇ ಈ ಆಟಗಳ ಶ್ರೇಷ್ಠ ನಗು ಎಂಬುದು ನನ್ನ ಮಾತು.

2001ರಲ್ಲಿ ಬಂದ ಸಾಲಿಡ್ ಸರಣಿಯ ಎರಡನೆಯ ಆಟದಲ್ಲಿ ಈ ಹಟ ಇನ್ನೂ ಬಲಿತಿದೆ. ಹಡಗಿನೊಳಗೆ ಮಂಜುಗಡ್ಡೆಯ ಪಾತ್ರೆಗೆ ಗುಂಡು ಹೊಡೆದರೆ ತುಂಡುಗಳು ಚೆಲ್ಲಾಡಿ, ನೀನು ಅಲ್ಲೇ ನಿಂತಿದ್ದರೆ ನಿನ್ನ ಕಣ್ಣೆದುರೇ ಕರಗುತ್ತಾ ಹೋಗುತ್ತವೆ. ಕಥೆಗೂ ಗೆಲುವಿಗೂ ಅದರಿಂದ ಏನೇನೂ ಪ್ರಯೋಜನವಿಲ್ಲ. ಸಮುದ್ರದ ನಡುವಿನ ಸ್ಥಾವರದ ಮೇಲೆ ಓಡುವಾಗ ಕಡಲಹಕ್ಕಿಯ ಹಿಕ್ಕೆಯನ್ನು ತುಳಿದರೆ ನಾಯಕ ಜಾರಿ ಬೀಳುತ್ತಾನೆ. ನಿಧಾನವಾಗಿ ನಡೆಯುವವನಿಗಿಂತ ಧಾವಿಸುವವನಿಗೇ ಈ ಶಾಸ್ತಿ ಎಂಬುದನ್ನು ನಿನ್ನ ಗಮನಕ್ಕೆ ತರಬಯಸುತ್ತೇನೆ.

ಇನ್ನು ಸೈಕೊ ಮ್ಯಾಂಟಿಸ್‌ನ ವಿಷಯ. ನೀನು ಅದರ ಬಗ್ಗೆ ಕೇಳಿರಬಹುದು, ಆದರೆ ಕೇಳುವುದಕ್ಕೂ ರಾತ್ರಿ ಒಬ್ಬನೇ ಕುಳಿತು ಅನುಭವಿಸುವುದಕ್ಕೂ ಅಜಗಜಾಂತರ. ಮೊದಲ ಸಾಲಿಡ್ ಆಟದ ಈ ಖಳ ತಾನು ಮನಸ್ಸನ್ನು ಓದಬಲ್ಲೆನೆಂದು ಹೇಳಿಕೊಂಡು, ನಿಜವಾಗಿಯೂ ನಿನ್ನ ಮೆಮೊರಿ ಕಾರ್ಡನ್ನು, ಅಂದರೆ ಆಡಿದ ಆಟಗಳನ್ನು ಸೇವ್ ಮಾಡಿಡುವ ಕಾರ್ಡನ್ನು, ಓದುತ್ತಾನೆ. ಅದರಲ್ಲಿ ಕ್ಯಾಸಲ್‌ವೇನಿಯಾದಂತಹ ಕೊನಾಮಿಯ ಬೇರೆ ಆಟಗಳ ಸೇವ್ ಇದ್ದರೆ ಅವುಗಳ ಹೆಸರು ಹಿಡಿದು ನಿನ್ನ ಅಭಿರುಚಿಯನ್ನು ಹೇಳುತ್ತಾನೆ, ನೀನು ಎಷ್ಟು ಸಲ ಸೇವ್ ಮಾಡಿದ್ದೀಯೆ ಎಂಬುದನ್ನು ನೋಡಿ ನಿನ್ನ ಸ್ವಭಾವವನ್ನು ಅಳೆಯುತ್ತಾನೆ. ಆಮೇಲೆ ಕಂಟ್ರೋಲರನ್ನು ನೆಲದ ಮೇಲಿಡು, ಇಚ್ಛಾಶಕ್ತಿಯಿಂದಲೇ ಅದನ್ನು ಸರಿಸುತ್ತೇನೆ ಎನ್ನುತ್ತಾನೆ. ಕಂಪನದ ಮೋಟಾರು ಗುರ್ರೆಂದು ಕಂಟ್ರೋಲರ್ ನೆಲದ ಮೇಲೆ ಹರಿದಾಡುತ್ತದೆ. ಕಾಳಗದ ನಡುವೆ ಪರದೆ ಕಪ್ಪಾಗಿ, ಟಿವಿಯಲ್ಲಿ ವಿಡಿಯೊ ಎಂದು ಬರುವ ಹಸಿರು ಅಕ್ಷರಗಳ ಮಾದರಿಯಲ್ಲೇ ಹಿಡಿಯೊ ಎಂಬ ಪದ ಮೂಡುತ್ತದೆ. ಸಿಗ್ನಲ್ ಹೋಯಿತೆಂದು ರಿಮೋಟ್ ಹುಡುಕಲು ಎದ್ದವರಲ್ಲಿ ನಾನೂ ಒಬ್ಬ. ಅವನನ್ನು ಸೋಲಿಸಲು ಕಂಟ್ರೋಲರನ್ನು ಮೊದಲ ಪೋರ್ಟಿನಿಂದ ಕಿತ್ತು ಎರಡನೆಯದಕ್ಕೆ ಚುಚ್ಚಬೇಕು, ಆಗ ಅವನಿಗೆ ನಿನ್ನ ಮನಸ್ಸನ್ನು ಓದಲಾಗುವುದಿಲ್ಲ.

ಇದೇ ಆಟದಲ್ಲಿ ಮೆರಿಲ್ ಎಂಬ ಸೈನಿಕ ಯುವತಿಯ ಕೋಡೆಕ್ ಫ್ರೀಕ್ವೆನ್ಸಿ, ಅಂದರೆ ಅವಳೊಡನೆ ರೇಡಿಯೊದಲ್ಲಿ ಮಾತಾಡಲು ಬೇಕಾದ ಸಂಖ್ಯೆ, ಸಿಡಿ ಪೆಟ್ಟಿಗೆಯ ಹಿಂಬದಿಯಲ್ಲಿದೆ ಎಂದು ಒಂದು ಪಾತ್ರ ಹೇಳುತ್ತದೆ. ಆಟದೊಳಗೆ ಸಿಕ್ಕ ಡಿಸ್ಕನ್ನು ತಿರುಗಿಸಿ ಮುರುಗಿಸಿ ನೋಡಿದರೆ ಏನೂ ಸಿಗದು. ಅಂಗಡಿಯಿಂದ ತಂದ ನಿಜವಾದ ಪೆಟ್ಟಿಗೆಯ ಹಿಂಬದಿಯ ಚಿತ್ರದಲ್ಲಿ 140.15 ಎಂದು ಅಚ್ಚಾಗಿರುತ್ತದೆ. ಹಳೆಯ ಡಿಸ್ಕನ್ನು ಪೆಟ್ಟಿಗೆಯಿಲ್ಲದೆ ಎರವಲು ತಂದವರು ಪಟ್ಟ ಪಾಡನ್ನು ನೀನೇ ಊಹಿಸಿಕೊ.

ಹೀಗೆ ಹೊಗಳುತ್ತಾ ಹೋದರೆ ನೀನು ನನ್ನನ್ನು ನಂಬುವುದಿಲ್ಲ, ಆದ್ದರಿಂದ ನನಗೆ ರುಚಿಸದವನ್ನೂ ಹೇಳಿಬಿಡುತ್ತೇನೆ. ಮೂರನೆಯ ಆಟದಲ್ಲಿ ಕೆರೋಟಾನ್ ಎಂಬ 64 ಕಪ್ಪೆಗೊಂಬೆಗಳನ್ನು ಕಾಡಿನ ತುಂಬ ಬಚ್ಚಿಟ್ಟಿದ್ದಾರೆ. ಎಲ್ಲಕ್ಕೂ ಗುಂಡು ಹೊಡೆದರೆ ಅದೃಶ್ಯನಾಗುವ ಉಡುಪು ಸಿಗುತ್ತದೆ. ನಾನು ಪಟ್ಟಿ ಹಿಡಿದುಕೊಂಡು ಅಷ್ಟನ್ನೂ ಹೊಡೆದೆ, ಒಮ್ಮೆಯೂ ನಗು ಬರಲಿಲ್ಲ, ಲೆಕ್ಕಪತ್ರ ಮುಗಿಸಿದಂತಾಯಿತು. 1998ರ ಆಟದಲ್ಲಿ ಕ್ಯಾಮೆರಾ ಹಿಡಿದು ಕೆಲವು ಜಾಗಗಳ ಫೋಟೊ ತೆಗೆದರೆ ಆಟ ತಯಾರಿಸಿದವರ ಮುಖಗಳು ದೆವ್ವಗಳಂತೆ ಮೂಡುತ್ತವೆ. ಮೊದಲ ಸಲ ಕಂಡಾಗ ಮೈ ಜುಮ್ಮೆನ್ನುತ್ತದೆ ನಿಜ, ಆದರೆ ಅದು ಗೋಡೆಗೆ ಅಂಟಿಸಿದ ಚೀಟಿಯಂತೆ, ಗೋಡೆಯ ಭಾಗವಲ್ಲ.

ಅಂಟಿಸಿದ ಚೀಟಿಯೊಂದು ಕಾಲಕ್ರಮದಲ್ಲಿ ಗೋಡೆಯೇ ಆಗಿಬಿಟ್ಟ ಉದಾಹರಣೆಯೂ ಇದೆ, ಅದು ಜಾನಿಯದು. 1998ರಲ್ಲಿ ಅವನು ಸೆರೆಮನೆಯ ಕಾವಲಿಗಿದ್ದ ಪಾಪದ ಸೈನಿಕ. ಮೆರಿಲ್ ಅವನನ್ನು ಹೊಡೆದು ಬೀಳಿಸಿ ಸಮವಸ್ತ್ರ ಕಸಿದುಕೊಂಡಿದ್ದಾಳೆ, ಬೆತ್ತಲೆ ಬಿದ್ದು ನೆಗಡಿ ಹಿಡಿಸಿಕೊಂಡದ್ದು ಸಾಲದೆಂಬಂತೆ ಅವನಿಗೆ ಹೊಟ್ಟೆ ಕೆಟ್ಟಿದೆ, ಆಗಾಗ ಕಾವಲು ಬಿಟ್ಟು ಶೌಚಾಲಯಕ್ಕೆ ಓಡುತ್ತಾನೆ. ಎರಡನೆಯ ಆಟದಲ್ಲಿ ದಿಕ್ಕು ಹಿಡಿದು ಶಬ್ದ ಕೇಳಿಸುವ ಮೈಕನ್ನು ಗೋಡೆಯತ್ತ ತಿರುಗಿಸಿದರೆ ಅದೇ ನರಳಾಟ ಕೇಳಿಸುತ್ತದೆ. ಮೂರನೆಯದು 1964ರಲ್ಲಿ ನಡೆಯುವ ಕಥೆಯಾದ್ದರಿಂದ ಅಲ್ಲಿ ಅವನ ಅಜ್ಜ ಬರುತ್ತಾನೆ, ಅವನೂ ಸೆರೆಮನೆಯ ಕಾವಲುಗಾರ, ಅವನ ಹೆಸರೂ ಜಾನಿ, ಹೊಟ್ಟೆಯದೂ ಅದೇ ವಂಶಪಾರಂಪರ್ಯದ ದೂರು. 2008ರ ನಾಲ್ಕನೆಯ ಆಟದಲ್ಲಿ ಜಾನಿ ಮೆರಿಲ್‌ಳ ಪಡೆಯಲ್ಲೇ ಸೈನಿಕನಾಗಿದ್ದು, ಕೊನೆಗೆ ಅವಳನ್ನೇ ಮದುವೆಯಾಗುತ್ತಾನೆ. ಬಟ್ಟೆ ಕಿತ್ತುಕೊಂಡವಳ ಕೈಹಿಡಿಯಲು ಅವನು ಹತ್ತು ವರ್ಷ ಕಾದನೆಂದಾಯಿತು! 2015ರ ಐದನೆಯ ಆಟದಲ್ಲಿ ಜಾನಿ ಇಲ್ಲ, ಆದರೆ ಹೊಟ್ಟೆನೋವಿನಿಂದ ನರಳುವ ಸೈನಿಕನ ಧ್ವನಿಯ ಕ್ಯಾಸೆಟ್ ಒಂದಿದೆ. ಶತ್ರುಗಳು ಹುಡುಕುತ್ತಿರುವಾಗ ಶೌಚಾಲಯದೊಳಗೆ ಬಾಗಿಲು ಹಾಕಿಕೊಂಡು ಅದನ್ನು ನುಡಿಸಿದರೆ ಬಾಗಿಲವರೆಗೆ ಬಂದವನು ಮುಜುಗರಪಟ್ಟು ಹಿಂದಿರುಗುತ್ತಾನೆ. ಹಾಸ್ಯ ಮತ್ತೆ ನಿಯಮವಾಯಿತು, ನೋಡು.

ಈ ಗುಣ ಕೊಜಿಮಾ ತಂಡದವರಿಗಷ್ಟೇ ಮೀಸಲಲ್ಲ. 1998ರ ಥೀಫ್ ಆಟದಲ್ಲಿ ಕತ್ತಲಲ್ಲಿ ನಿಂತು ಕಿವಿಗೊಟ್ಟರೆ, ಇಬ್ಬರು ಕಾವಲುಗಾರರು ಕರಡಿಕಾಳಗ ಮೊದಲಿನಷ್ಟು ಸೊಗಸಾಗಿಲ್ಲವೆಂದು ಹರಟುವುದು ಕೇಳಿಸುತ್ತದೆ. ಅದನ್ನು ಕೇಳಿದ ಮೇಲೆ ಅವರ ತಲೆಗೆ ಬಡಿಗೆ ಹಾಕಲು ಕೈ ಏಳುವುದಿಲ್ಲ. ಥೀಫ್ ಮಾಡಿದ ಲುಕಿಂಗ್ ಗ್ಲಾಸ್ ಸಂಸ್ಥೆಯ ಕಚೇರಿಯ ಬಾಗಿಲಿನ ಸಂಕೇತಸಂಖ್ಯೆ 451 ಆಗಿತ್ತು. ಅವರ 1994ರ ಸಿಸ್ಟಮ್ ಶಾಕ್‌ನ ಮೊದಲ ಬೀಗಕ್ಕೆ ಅದೇ ಸಂಖ್ಯೆ ಇದೆ, 2000ದ ಡಿಯಸ್ ಎಕ್ಸ್‌ನಲ್ಲಿ 0451 ಆಗಿ ಬರುತ್ತದೆ, 2012ರ ಡಿಸಾನರ್ಡ್‌ನಲ್ಲಿ ಚರಂಡಿಯೊಳಗಿನ ತಿಜೋರಿಗೂ 451 ಹಾಕಿದರೆ ತೆರೆದುಕೊಳ್ಳುತ್ತದೆ. ಇದು ನಗುವಲ್ಲ, ಒಂದೇ ಮನೆಯಲ್ಲಿ ಬೆಳೆದವರು ಪರಸ್ಪರ ಕಣ್ಣು ಮಿಟುಕಿಸಿದಂತೆ. 2018ರ ಹಿಟ್‌ಮ್ಯಾನ್ 2ರಲ್ಲಿ ಆದದ್ದು ಬೇರೆ. ಅಲ್ಲಿ ಬ್ರೀಫ್‌ಕೇಸ್ ಎಸೆದರೆ, ಲೋಪವೊಂದರಿಂದಾಗಿ, ಅದು ಗಾಳಿಯಲ್ಲಿ ನಿಧಾನವಾಗಿ ತೇಲುತ್ತಾ ಓಡುವವನ ಬೆನ್ನು ಹತ್ತಿ ತಿರುವಿನಲ್ಲೂ ಬಿಡದೆ ಹೋಗಿ ತಲೆಗೆ ಬಡಿಯುತ್ತಿತ್ತು. ತಯಾರಕರು ದೋಷವನ್ನೇನೋ ಸರಿಪಡಿಸಿದರು, ಆದರೆ ಆಟಗಾರರು ಅದನ್ನು ಅಷ್ಟು ಮೆಚ್ಚಿದ್ದರಿಂದ ಬೇಕೆಂದೇ ಬೆನ್ನಟ್ಟುವ ಇನ್ನೊಂದು ಬ್ರೀಫ್‌ಕೇಸನ್ನು ಆಟಕ್ಕೆ ಸೇರಿಸಿದರು. ಬಗ್ ಒಂದು ಬಡ್ತಿ ಪಡೆದದ್ದನ್ನು ನಾನು ಬೇರೆಲ್ಲೂ ಇಷ್ಟು ಸಂತೋಷದಿಂದ ಕಂಡಿಲ್ಲ.

ಈಗ ನೀನು ಕೈಬಿಟ್ಟ ಆಟಕ್ಕೆ ಬರುತ್ತೇನೆ. ಆ ಕಾಡಿನಲ್ಲಿ ಶತ್ರುಗಳ ಆಹಾರದ ಉಗ್ರಾಣಗಳಿವೆ. ಅದನ್ನು ಸ್ಫೋಟಿಸಿದರೆ ಸುತ್ತಲಿನ ಸೈನಿಕರು ಹಸಿವೆಯಿಂದ ಬಳಲುತ್ತಾರೆ, ಆಮೇಲೆ ನೀನು ಎಸೆದ ಕೊಳೆತ ಮಾಂಸವನ್ನೂ ಎತ್ತಿ ತಿಂದು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ನೀನೇ ಹಳಸಿದ್ದನ್ನು ತಿಂದು ಹೊಟ್ಟೆ ಕೆಡಿಸಿಕೊಂಡರೆ, ಗಾಯ ನೋಡಿಕೊಳ್ಳುವ ಪುಟದಲ್ಲಿ ಸ್ನೇಕ್‌ನ ದೇಹವನ್ನು ಬುಗುರಿಯಂತೆ ಗಿರಗಿರ ತಿರುಗಿಸು, ಹಿಂದಿರುಗಿದೊಡನೆ ಅವನು ವಾಂತಿ ಮಾಡಿಕೊಂಡು ಹಗುರವಾಗುತ್ತಾನೆ. ಮುಂದೊಂದು ಕಡೆ ನೀನು ಕೊಂದವರೆಲ್ಲ ದೆವ್ವಗಳಾಗಿ ಎದುರು ಬರುವ ನದಿಯಿದೆ. ಕೊಂದ ಸೈನಿಕನನ್ನು ರಣಹದ್ದು ತಿಂದು, ಆ ರಣಹದ್ದನ್ನು ನೀನು ತಿಂದಿದ್ದರೆ, ಆ ಸೈನಿಕನ ದೆವ್ವ ತನ್ನನ್ನು ತಿಂದವನು ನೀನೇ ಎಂದು ಅರಚುತ್ತಾ ಬರುತ್ತದೆ. ಯಾರು ಮಾಡುತ್ತಾರೆ ಇಂಥ ಕೆಲಸ? ಬಹುತೇಕ ಯಾರೂ ಮಾಡುವುದಿಲ್ಲ. ಆದರೂ ಒಬ್ಬರು ಕುಳಿತು ಅದನ್ನು ಯೋಚಿಸಿ, ಇನ್ನೊಬ್ಬರು ಆ ಮಾತಿಗೆ ಧ್ವನಿ ಕೊಟ್ಟಿದ್ದಾರೆ.

ಎಲ್ಲಕ್ಕೂ ಮಿಗಿಲಾದದ್ದು ದಿ ಎಂಡ್ ಎಂಬ ನೂರು ದಾಟಿದ ಮುದುಕನದು. ಅವನು ಸ್ನೈಪರ್, ಮೂರು ವಿಶಾಲವಾದ ಕಾಡುಗಳಲ್ಲಿ ನಿನ್ನನ್ನು ಗಂಟೆಗಟ್ಟಲೆ ಹುಡುಕಾಡಿಸುತ್ತಾನೆ, ನಡುವೆ ಕುಳಿತಲ್ಲೇ ತೂಕಡಿಸುತ್ತಾನೆ. ಆದರೆ ಅದಕ್ಕೂ ಮೊದಲೇ, ನದಿಯ ದಡದ ಒಂದು ಉಗ್ರಾಣದ ಬಳಿ ಅವನು ಗಾಲಿಕುರ್ಚಿಯಲ್ಲಿ ಕುಳಿತಿರುವ ದೃಶ್ಯ ಬಂದುಹೋದ ಮೇಲೆ, ನಿನ್ನ ಕೈಯಲ್ಲಿ ಸ್ನೈಪರ್ ಬಂದೂಕಿದ್ದು ಗುರಿ ತಪ್ಪದಿದ್ದರೆ, ಅಲ್ಲೇ ಅವನನ್ನು ಮುಗಿಸಬಹುದು. ಇನ್ನೂ ಒಂದು ದಾರಿಯಿದೆ. ಕಾಳಗದ ನಡುವೆ ಸೇವ್ ಮಾಡಿ ಒಂದು ವಾರ ಆಟವನ್ನು ಮುಟ್ಟದೆ ಬಿಟ್ಟು, ಇಲ್ಲವೇ ಯಂತ್ರದ ಗಡಿಯಾರವನ್ನು ಒಂದು ವಾರ ಮುಂದಕ್ಕೆ ತಿರುಗಿಸಿ ಲೋಡ್ ಮಾಡಿದರೆ, ಮುದುಕ ವಯಸ್ಸಾಗಿ ಸತ್ತಿರುತ್ತಾನೆ. ಜಗತ್ತಿನ ಅತ್ಯಂತ ತಾಳ್ಮೆಯ ಬೇಟೆಗಾರನನ್ನು ಅವನಿಗಿಂತ ಹೆಚ್ಚು ತಾಳ್ಮೆಯಿಂದ ಗೆಲ್ಲುವ ಈ ವಿಧಾನವನ್ನು, ಮೂರೇ ಗಂಟೆಯಲ್ಲಿ ಆಟ ಬಿಟ್ಟ ನಿನಗೆ ತಿಳಿಸುವಾಗ ನನಗೆ ಒಳಗೊಳಗೇ ನಗು ಬರುತ್ತಿದೆ. ಏಕೆಂದರೆ ನೀನು ಆಡದೆ ಬಿಟ್ಟ ವಾರಗಳೇ ಅವನನ್ನು ಕೊಲ್ಲಬಲ್ಲವು, ಅವನವರೆಗೆ ಹೋಗಿ ಸೇವ್ ಮಾಡಿದ್ದರೆ!

ಆದ್ದರಿಂದ ಮತ್ತೆ ಶುರುಮಾಡು, ಮತ್ತು 2004ರ ಮೂಲ ಆವೃತ್ತಿಯ ಡಿಸ್ಕಿನಲ್ಲೇ ಆಡು, 2011ರ ಎಚ್‌ಡಿ ಆವೃತ್ತಿಯಲ್ಲಿ ನಾನು ಈಗ ಹೇಳಲಿರುವುದನ್ನು ತೆಗೆದುಹಾಕಿದ್ದಾರೆ. ಸ್ನೇಕ್ ಸೆರೆಸಿಕ್ಕು ಕತ್ತಲ ಕೋಣೆಗೆ ಬಿದ್ದಾಗ, ಜಾನಿಯ ಅಜ್ಜ ಕಾವಲಿರುವ ಆ ಕೋಣೆಯಲ್ಲಿ, ಸೇವ್ ಮಾಡಿ, ಯಂತ್ರವನ್ನು ಆರಿಸಿ, ಮಲಗಿಬಿಡು. ಮರುದಿನ ಲೋಡ್ ಮಾಡು. ಏನಾಗುತ್ತದೆಂದು ನಾನು ಬರೆಯುವುದಿಲ್ಲ. ತಪ್ಪು ಡಿಸ್ಕ್ ಹಾಕಿದೆನೇನೋ ಎಂದು ತಟ್ಟೆ ತೆರೆದು ನೋಡಬೇಡ, ಅಷ್ಟೇ.

ಇಂತಿ ನಿನ್ನ,
ಪೆಟ್ಟಿಗೆಯೊಳಗಿನ ಗೆಳೆಯ