ವಿಡಿಯೊದಿಂದ ತೆಗೆದ ಫೋಟೊ ಕಳಿಸುವ ಮುನ್ನ

ಸದಸ್ಯರಿಗೆ ನಮಸ್ಕಾರ. ಶಿರಸಿ, ಯಲ್ಲಾಪುರ ಕಡೆಯ ಯಕ್ಷಗಾನದ ಫೋಟೊ ಅಚ್ಚಿಗೆ ಬೇಕೆಂದರೆ ದಯವಿಟ್ಟು ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ಕಳಿಸಬೇಡಿ.

ಫುಲ್ ಎಚ್‌ಡಿ ವಿಡಿಯೊದ ಒಂದು ಫ್ರೇಮಿನಲ್ಲಿ, ಅಂದರೆ ಒಂದು ನಿಂತ ಚಿತ್ರದಲ್ಲಿ, ಇರುವುದೇ 1920×1080, ಅಂದರೆ 20 ಲಕ್ಷ ಚಿಲ್ಲರೆ ಪಿಕ್ಸೆಲ್. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿದರೆ ಅಗಲ ಆರೂವರೆ ಇಂಚೂ ಬರುವುದಿಲ್ಲ. 4ಕೆಯಲ್ಲಿ 83 ಲಕ್ಷ ಸಿಗುತ್ತದೆ, ಆದರೆ ದೊಡ್ಡ ತೊಂದರೆ ಶಟರಿನದು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತಿನದು. ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ ಸಾಮಾನ್ಯವಾಗಿ 1/50 ಸೆಕೆಂಡ್ ಇಡುತ್ತಾರೆ, ಅಷ್ಟರಲ್ಲಿ ಬೇಗ ಅಲುಗಿದ್ದು ಮಸುಕಾಗುತ್ತದೆ. ವಿಡಿಯೊ ಓಡುವಾಗ ಆ ಮಸುಕು ಕಣ್ಣಿಗೆ ಹಿತ. ನಿಲ್ಲಿಸಿ ನೋಡಿ: ಮಂಡಿ ಕುಣಿತದಲ್ಲಿ ಕಿರೀಟ ಬರೀ ಬಣ್ಣದ ಗೆರೆ, ಕೈಬೆರಳು ಕಾಣುವುದೇ ಇಲ್ಲ.

ಸ್ಟಿಲ್ ಕ್ಯಾಮೆರಾದಲ್ಲಿ ಶಟರ್ 1/500 ಸೆಕೆಂಡ್ ಇಡಿ. ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ಕ್ಕೆ ಏರಿದರೂ ಚಿಂತೆಯಿಲ್ಲ, ಕಾಳು ಕಾಳು ಕಂಡರೂ ಮುಖ ಉಳಿಯುತ್ತದೆ. ಎಲ್‌ಇಡಿ ದೀಪದಿಂದ ಪಟ್ಟೆ ಬಿದ್ದರೆ 1/100ಕ್ಕೆ ಇಳಿಸಿ, ವೇಷಧಾರಿ ನಿಲ್ಲುವ ಗಳಿಗೆಗೆ ಕಾಯಿರಿ.

ವಿಡಿಯೊ ಬಿಟ್ಟು ಬೇರೇನೂ ಇಲ್ಲವೇ? ಮೂಲ ಫೈಲನ್ನು ಕಂಪ್ಯೂಟರಿನ ವಿಡಿಯೊ ಪ್ಲೇಯರ್ ವಿಎಲ್‌ಸಿಯಲ್ಲಿ ತೆರೆಯಿರಿ. ಇ ಕೀಲಿ ಒತ್ತುತ್ತ ಒಂದೊಂದೇ ಫ್ರೇಮ್ ಸರಿಸಿ, ಹೆಜ್ಜೆ ನಿಂತ ಕಡೆ ಶಿಫ್ಟ್ ಜೊತೆ ಎಸ್ ಒತ್ತಿ. ಗುಂಪಿಗೆ ಡಾಕ್ಯುಮೆಂಟ್ ಆಗಿಯೇ ಹಾಕಿ, ಫೋಟೊ ಆಗಿ ಹಾಕಿದರೆ ಇದ್ದ ವಿವರವೂ ಕುಗ್ಗುತ್ತದೆ.